ಕೆಲೇಔಟ್‌ನಲ್ಲಿ ಪ್ಯಾಕೇಜ್ ಡ್ರಾಯಿಂಗ್: ಲೇಯರ್ ಮ್ಯಾಪ್ ಮೊದಲು, ಫೈಲ್ ಆಮೇಲೆ

ಚಿಪ್ ಲೇಔಟ್ ಪಕ್ಕಕ್ಕೆ ಪ್ಯಾಕೇಜ್ ಡ್ರಾಯಿಂಗ್ (ಚಿಪ್ ಕೂರುವ ಕವಚದ ನಕ್ಷೆ) ತಂದಿಟ್ಟು ಪ್ಯಾಡಿಗೆ ಪ್ಯಾಡು ಕೂಡುತ್ತದೋ ಇಲ್ಲವೋ ನೋಡಬೇಕು. ಕೈಯಲ್ಲಿ ದುಡ್ಡಿನ ಲೈಸೆನ್ಸ್ ಇಲ್ಲ. ಇಂಥ ಕೆಲಸಕ್ಕೆ ಸದ್ಯ ಕೆಲೇಔಟ್‌ಗಿಂತ ಒಳ್ಳೆಯ ಉಚಿತ ಸಾಫ್ಟ್‌ವೇರ್ ಇಲ್ಲ. ಮಥಿಯಾಸ್ ಕೊಫರ್ಲೈನ್ ಬರೆದದ್ದು, ಜಿಪಿಎಲ್ ಪರವಾನಗಿ, ವಿಂಡೋಸ್, ಉಬುಂಟು, ಮ್ಯಾಕ್ ಮೂರರಲ್ಲೂ ಓಡುತ್ತದೆ. ದಾವಣಗೆರೆಯ ಬಿಐಇಟಿ, ಯುಬಿಡಿಟಿ, ಚಿತ್ರದುರ್ಗದ ಎಸ್‌ಜೆಎಂಐಟಿ ಕಡೆಯ ಎಲೆಕ್ಟ್ರಾನಿಕ್ಸ್ ಹುಡುಗರು ಹಾಸ್ಟೆಲ್ ರೂಮಿನ ಸಾಧಾರಣ ಲ್ಯಾಪ್‌ಟಾಪ್‌ನಲ್ಲೇ ಇದನ್ನು ಹಾಕಿಕೊಳ್ಳಬಹುದು. ಲ್ಯಾಬ್‌ನಲ್ಲಿ ಸೀಟು ಖಾಲಿಯಾಗಲಿ ಅಂತ ಕಾಯಬೇಕಿಲ್ಲ.

ನಮ್ಮ ಅಂಕ 5ಕ್ಕೆ 4. ಕಡಿದ ಒಂದು ಅಂಕ ಲೇಯರ್ ಮ್ಯಾಪಿಂಗ್‌ನದು, ಅಂದರೆ ಪ್ಯಾಕೇಜ್ ಫೈಲ್‌ನ ಯಾವ ಪದರ ಲೇಔಟ್‌ನ ಯಾವ ಲೇಯರ್‌ಗೆ ಹೋಗಬೇಕು ಅಂತ ಹೇಳುವ ಕೆಲಸದ್ದು. ಸೌಲಭ್ಯ ಪೂರ್ತಿ ಇದೆ, ಆದರೆ ತಪ್ಪು ಮಾಡಿದರೆ ಚಕಾರ ಎತ್ತುವುದಿಲ್ಲ. ಫೈಲ್ ತೆರೆಯುತ್ತದೆ, ಚಿತ್ರ ಬಣ್ಣಬಣ್ಣವಾಗಿ ಕಾಣುತ್ತದೆ, ಒಳಗೆ ಪ್ಯಾಕೇಜ್‌ನ ತಾಮ್ರ ಹೋಗಿ ಟ್ರಾನ್ಸಿಸ್ಟರ್ ಲೇಯರ್ ಮೇಲೆ ಕೂತಿರುತ್ತದೆ. ಈ ವಿಮರ್ಶೆಯ ಹೆಚ್ಚಿನ ಭಾಗ ಆ ಕಡಿದ ಅಂಕದ ಬಗ್ಗೆಯೇ.

ಮೊದಲು ಒಂದು ಸಣ್ಣ ವಿಷಯ. ಕೆಲೇಔಟ್ ತಾನಾಗಿ ತೆರೆದುಕೊಳ್ಳುವುದು ನೋಡುವ ಮೋಡ್‌ನಲ್ಲಿ, ತಿದ್ದುವ ಮೋಡ್‌ನಲ್ಲಿ ಅಲ್ಲ. ಮೆನುವಿನಲ್ಲಿ ಅರ್ಧ ಐಟಂ ಕಾಣದಿದ್ದರೆ ಕಾರಣ ಇದೇ. ಸೆಟಪ್‌ಗೆ ಹೋಗಿ ಅಪ್ಲಿಕೇಶನ್ ಕೆಳಗೆ ಎಡಿಟಿಂಗ್ ಮೋಡ್ ಅನ್ನು ಡಿಫಾಲ್ಟ್ ಮಾಡಿ, ಮುಚ್ಚಿ ಮತ್ತೆ ತೆರೆಯಿರಿ. ವಿಂಡೋಸ್‌ನಲ್ಲಾದರೆ ಎಡಿಟರ್ ಅಂತ ಬೇರೆ ಶಾರ್ಟ್‌ಕಟ್ಟೇ ಸಿಗುತ್ತದೆ.

ಈಗ ಅಸಲು ವಿಷಯ. ಚಿಪ್ ಪ್ರಪಂಚದಲ್ಲಿ ಲೇಯರ್‌ಗೆ ಹೆಸರಿಗಿಂತ ನಂಬರ್ ಮುಖ್ಯ, ಅದೂ ಎರಡು ನಂಬರ್: ಲೇಯರ್ ಮತ್ತು ಡೇಟಾಟೈಪ್. ಚನ್ನಗಿರಿ ಮಂಡಿಗೆ ಹೋಗಿ ಬರೀ ಅಡಿಕೆ ಅಂದರೆ ರೇಟು ಹೇಳುವುದಿಲ್ಲ, ರಾಶಿಯೋ ಬೆಟ್ಟೆಯೋ ಗೊರಬಲೋ ಅಂತ ಕೇಳುತ್ತಾರೆ. ಹಾಗೇ ಇಲ್ಲೂ. ಸ್ಕೈವಾಟರ್ 130 ಪಿಡಿಕೆಯಲ್ಲಿ (ಚಿಪ್ ಕಾರ್ಖಾನೆಯ ವಿನ್ಯಾಸ ಕಿಟ್) 68 ಅಂದರೆ ಮೆಟ್1 ಅನ್ನುವುದು ಅರ್ಧ ಮಾತು. 68/20 ನಿಜವಾದ ಲೋಹ, 68/16 ಪಿನ್ ಗುರುತು, 68/5 ಬರೀ ಅಕ್ಷರ. ಪ್ಯಾಕೇಜ್ ಕಡೆಯವರಿಗೆ ಈ ಲೆಕ್ಕವೇ ಇಲ್ಲ. ಅವರ ಟೂಲ್‌ನಲ್ಲಿ ಲೇಯರ್‌ಗೆ ಹೆಸರಿದೆ, ಅದರ ಮೇಲೆ ಕ್ಲಾಸ್ ಅಂತ ಇನ್ನೊಂದು ವಿಂಗಡಣೆ ಇದೆ. ಅಲೆಗ್ರೋ ತರಹದ ಟೂಲ್‌ಗಳಲ್ಲಿ ಮೇಲಿನ ತಾಮ್ರ ಒಂದೇ ಹಾಳೆಯಾದರೂ ಗೆರೆಗಳು ಕಂಡಕ್ಟರ್ ಕ್ಲಾಸ್‌ನಲ್ಲಿ, ಪಿನ್ನಿನ ಪ್ಯಾಡುಗಳು ಪಿನ್ ಕ್ಲಾಸ್‌ನಲ್ಲಿ, ವಯಾದ (ಪದರದಿಂದ ಪದರಕ್ಕೆ ಹೋಗುವ ತೂತಿನ) ಪ್ಯಾಡುಗಳು ವಯಾ ಕ್ಲಾಸ್‌ನಲ್ಲಿ ಇರುತ್ತವೆ. ರಫ್ತು ಮಾಡುವಾಗ ಮೂರೂ ಬೇರೆ ಬೇರೆ ಹೆಸರಿನಲ್ಲಿ ಹೊರಬರಬಹುದು. ನೀವು ಕಂಡಕ್ಟರ್ ಒಂದನ್ನೇ ಮ್ಯಾಪ್ ಮಾಡಿದರೆ ಗೆರೆಗಳು ಬರುತ್ತವೆ, ಪ್ಯಾಡುಗಳು ಬರುವುದಿಲ್ಲ. ಗೆರೆ ಹೋಗಿ ಖಾಲಿ ಜಾಗದಲ್ಲಿ ಮುಗಿದಂತೆ ಕಂಡರೆ ಫೈಲ್ ಕೆಟ್ಟಿದೆ ಅಂದುಕೊಳ್ಳಬೇಡಿ, ಮ್ಯಾಪ್‌ನಲ್ಲಿ ಎರಡು ಸಾಲು ಬಿಟ್ಟುಹೋಗಿವೆ.

ಆದ್ದರಿಂದ ಫೈಲ್ ತೆರೆಯುವ ಮುಂಚೆ ಪ್ಯಾಕೇಜ್ ಕಡೆಯವರಿಂದ ಲೇಯರ್ ಹೆಸರುಗಳ ಪಟ್ಟಿ ತರಿಸಿಕೊಂಡು ಮ್ಯಾಪ್ ಬರೆದಿಡಿ. ಎರಡು ಲೋಹದ ಪದರವಿರುವ ಲ್ಯಾಮಿನೇಟ್ ಸಬ್‌ಸ್ಟ್ರೇಟ್‌ಗೆ (ಪ್ಯಾಕೇಜ್‌ನ ತಳದ ಹಾಳೆ) ಹೀಗೆ ಬರೆದರೆ ಸಾಕು:

ಟಾಪ್_ಕಂಡ್ : 1001/0
ಟಾಪ್_ಪಿನ್ : 1001/1
ಟಾಪ್_ವಯಾ : 1001/2
ಡ್ರಿಲ್ : 1002/0
ಬಾಟಮ್_ಕಂಡ್ : 1003/0
ಬಾಟಮ್_ಪಿನ್ : 1003/1
ಬಾಟಮ್_ವಯಾ : 1003/2
ಮಾಸ್ಕ್_ಟಾಪ್ : 1011/0
ಬಾಂಡ್_ವೈರ್ : 1031/0
ಡೈ_ಔಟ್‌ಲೈನ್ : 1040/0

ಎಡಗಡೆ ಇರುವುದು ಫೈಲ್‌ನಲ್ಲಿ ಬರುವ ಹೆಸರು (ಇಲ್ಲಿ ಓದಲು ಕನ್ನಡದಲ್ಲಿ ಬರೆದಿದ್ದೇವೆ), ಅಕ್ಷರಕ್ಕೆ ಅಕ್ಷರ ಅದೇ ಇರಬೇಕು. ಬಲಗಡೆ ನಿಮಗೆ ಬೇಕಾದ ಲೇಯರ್ ಮತ್ತು ಡೇಟಾಟೈಪ್. ಒಂದೇ ತಾಮ್ರಕ್ಕೆ ಒಂದೇ ಲೇಯರ್ ನಂಬರ್, ಕ್ಲಾಸ್‌ಗೆ ತಕ್ಕಂತೆ ಡೇಟಾಟೈಪ್. ಮೂರನ್ನೂ 1001/0ಗೇ ತುಂಬಬಹುದು, ತಪ್ಪಲ್ಲ. ಆದರೆ ನಾಳೆ ಪ್ಯಾಡುಗಳನ್ನಷ್ಟೇ ನೋಡಬೇಕು ಅಂದಾಗ ಬೇರ್ಪಡಿಸಲು ಆಗುವುದಿಲ್ಲ. 1000ದ ಮೇಲಿನ ನಂಬರ್ ಯಾಕೆ ಅಂದರೆ ಚಿಪ್ ಪಿಡಿಕೆಗಳು ಕೆಳಗಿನ ನಂಬರ್‌ಗಳನ್ನು ಆಗಲೇ ಹಂಚಿಕೊಂಡಿವೆ. ಒಂದು ಎಚ್ಚರಿಕೆ: ಕೆಲವು ಹಳೆ ಟೂಲ್‌ಗಳು 255ರ ಮೇಲಿನ ನಂಬರ್ ಒಪ್ಪುವುದಿಲ್ಲ. ಮುಂದೆ ಅಂಥದ್ದಕ್ಕೆ ಫೈಲ್ ಹೋಗುವುದಿದ್ದರೆ ಪಿಡಿಕೆಯ ಲೇಯರ್ ಪಟ್ಟಿ ನೋಡಿ 255ರ ಒಳಗೇ ಖಾಲಿ ಜಾಗ ಹುಡುಕಿ.

ಈ ಸಾಲುಗಳನ್ನು ಹಾಕುವ ಜಾಗ ಫೈಲ್ ಮೆನುವಿನ ರೀಡರ್ ಆಪ್ಶನ್ಸ್, ಅದರಲ್ಲಿ ಡಿಎಕ್ಸ್‌ಎಫ್ (ಡ್ರಾಯಿಂಗ್ ಫೈಲ್‌ನ ಒಂದು ರೂಪ) ಟ್ಯಾಬ್. ಅಲ್ಲೇ ‘ಉಳಿದ ಲೇಯರ್‌ಗಳನ್ನೂ ಓದು’ ಎಂಬ ಅರ್ಥದ ಟಿಕ್ ಇದೆ. ಮೊದಲ ಸಲ ಟಿಕ್ ಇಟ್ಟು ಓದಿ, ಮ್ಯಾಪ್‌ನಲ್ಲಿಲ್ಲದ ಯಾವ್ಯಾವ ಲೇಯರ್ ಬಂತು ನೋಡಿಕೊಳ್ಳಿ. ಬೇಕಾದ್ದಕ್ಕೆ ಸಾಲು ಸೇರಿಸಿ, ಆಮೇಲೆ ಟಿಕ್ ತೆಗೆದು ಮತ್ತೆ ಓದಿ. ಮೊದಲೇ ಟಿಕ್ ತೆಗೆದರೆ ಮ್ಯಾಪ್‌ನಲ್ಲಿಲ್ಲದ್ದು ಹೇಳದೆ ಕೇಳದೆ ಬಿದ್ದುಹೋಗುತ್ತದೆ. ಹೆಸರಿನಲ್ಲಿ ಒಂದು ಅಂಡರ್‌ಸ್ಕೋರ್ ತಪ್ಪಿದರೂ ಇಡೀ ತಾಮ್ರದ ಹಾಳೆ ಮಾಯ.

ಇನ್ನು ಈ ಸಾಫ್ಟ್‌ವೇರ್‌ನ ಅತಿ ದೊಡ್ಡ ಹಳ್ಳ. ಸಬ್‌ಸ್ಟ್ರೇಟ್ ಮಾಡುವವರು ಲೋಹದ ಪದರಗಳನ್ನು ಎಲ್1, ಎಲ್2, ಎಲ್3, ಎಲ್4 ಅಂತ ಕರೆಯುವುದು ಬಹಳ ಮಾಮೂಲು. ಕೆಲೇಔಟ್‌ನ ಡಿಎಕ್ಸ್‌ಎಫ್ ರೀಡರ್‌ಗೆ ಒಂದು ಚಟ ಇದೆ. ಹೆಸರು ಇಂಗ್ಲಿಷಿನ ಎಲ್ ಅಕ್ಷರ ಮತ್ತು ಅಂಕಿಯ ರೂಪದಲ್ಲಿದ್ದರೆ ಅದನ್ನು ಹೆಸರು ಅಂತ ನೋಡದೆ ಜಿಡಿಎಸ್ (ಚಿಪ್ ಲೇಔಟ್‌ನ ಫೈಲ್ ರೂಪ) ನಂಬರ್ ಅಂತ ಓದುತ್ತದೆ. ಎಲ್2ಡಿ15 ಅಂದರೆ 2/15. ಎಲ್1 ಅಂದರೆ 1/0. ಐಎಚ್‌ಪಿಯ ಎಸ್‌ಜಿ13ಜಿ2 ಪಿಡಿಕೆಯಲ್ಲಿ 1/0 ಏನು ಗೊತ್ತೇ? ಆಕ್ಟಿವ್, ಅಂದರೆ ಟ್ರಾನ್ಸಿಸ್ಟರ್ ಕೂರುವ ಜಾಗ. ಮ್ಯಾಪ್ ಇಲ್ಲದೆ ಓದಿ ಚಿಪ್ ಜೊತೆ ಸೇರಿಸಿದರೆ ಪ್ಯಾಕೇಜ್‌ನ ಮೇಲಿನ ತಾಮ್ರ ಪೂರ್ತಿ ಆಕ್ಟಿವ್ ಆಗಿ ಬೀಳುತ್ತದೆ. ಎಂಟು ಪದರದ ಸಬ್‌ಸ್ಟ್ರೇಟ್ ಆದರೆ ಎಲ್5 ಹೋಗಿ 5/0, ಗೇಟ್ ಪಾಲಿ ಮೇಲೆ. ಎಲ್8 ಹೋಗಿ 8/0, ಮೆಟಲ್1 ಮೇಲೆ. ಡಿಆರ್‌ಸಿ (ಲೇಔಟ್ ನಿಯಮಗಳ ತಪಾಸಣೆ) ಹಾಕಿದರೆ ಸಾವಿರಗಟ್ಟಲೆ ತಪ್ಪು ಉದುರುತ್ತವೆ, ಒಂದರಲ್ಲೂ ಪ್ಯಾಕೇಜ್ ಅನ್ನುವ ಮಾತು ಇರುವುದಿಲ್ಲ. ಇದಕ್ಕೆ ಮದ್ದು ಅದೇ ಡಿಎಕ್ಸ್‌ಎಫ್ ಟ್ಯಾಬ್‌ನಲ್ಲಿರುವ ‘ಲೇಯರ್ ಹೆಸರು ಹಾಗೇ ಇರಲಿ’ ಎಂಬ ಆಯ್ಕೆ. 0.25.3 ಆವೃತ್ತಿಯಿಂದ ಸಿಗುತ್ತದೆ. ಅದಕ್ಕೆ ಟಿಕ್ ಹಾಕಿ, ಎಲ್1ನಿಂದ ಹಿಡಿದು ಪ್ರತಿಯೊಂದಕ್ಕೂ ಮ್ಯಾಪ್‌ನಲ್ಲಿ ಸಾಲು ಬರೆಯಿರಿ. ಈ ಟಿಕ್ ಮೊದಲೇ ಹಾಕಿ ಬರಬೇಕಿತ್ತು ಅನ್ನುವುದು ನಮ್ಮ ದೂರು.

ಮುಂದಿನದು ಅಳತೆ. ಚಿಪ್‌ನವರದ್ದು ಮೈಕ್ರಾನ್, ಪ್ಯಾಕೇಜ್‌ನವರದ್ದು ಮಿಲಿಮೀಟರ್ ಅಥವಾ ಮಿಲ್ (ಇಂಚಿನ ಸಾವಿರದಲ್ಲೊಂದು ಭಾಗ). ಡಿಎಕ್ಸ್‌ಎಫ್ ಫೈಲ್‌ನ 1 ಅಂದರೆ ಎಷ್ಟು ಮೈಕ್ರಾನ್ ಅಂತ ರೀಡರ್ ಆಪ್ಶನ್ಸ್‌ನಲ್ಲಿ ನೀವೇ ಹೇಳಬೇಕು. ಏನೂ ಹೇಳದಿದ್ದರೆ 1 ಮೈಕ್ರಾನ್ ಅಂತ ಹಿಡಿಯುತ್ತದೆ. ಮಿಲಿಮೀಟರ್ ಫೈಲ್‌ಗೆ 1000, ಮಿಲ್‌ಗೆ 25.4, ಇಂಚಿಗೆ 25400. ಯಾವುದರಲ್ಲಿದೆ ಗೊತ್ತಾಗದಿದ್ದರೆ ಹಾಗೇ ತೆರೆದು ರೂಲರ್ ಎಳೆಯಿರಿ. 5 ಮಿ.ಮೀ. ಚೌಕದ 32 ಪಿನ್ ಕ್ಯೂಎಫ್‌ಎನ್ (ನಾಲ್ಕೂ ಬದಿಗೆ ಪ್ಯಾಡು ಇರುವ ಚಪ್ಪಟೆ ಪ್ಯಾಕೇಜ್) ಅಂತ ಇಟ್ಟುಕೊಳ್ಳಿ. ಅಂಚಿನಿಂದ ಅಂಚಿಗೆ 5 ಮೈಕ್ರಾನ್ ತೋರಿಸಿದರೆ ಫೈಲ್ ಮಿಲಿಮೀಟರ್‌ನಲ್ಲಿದೆ. 196.85 ತೋರಿಸಿದರೆ ಮಿಲ್, 0.19685 ತೋರಿಸಿದರೆ ಇಂಚು. ಸರಿಯಾದ ಯೂನಿಟ್ ಕೊಟ್ಟು ಮತ್ತೆ ಓದಿದ ಮೇಲೆ 5000 ಬರಬೇಕು. ಇನ್ನೊಂದು ಅಳತೆಯನ್ನೂ ನೋಡಿ: ಒಂದು ಬದಿಗೆ 8 ಪ್ಯಾಡು, ಪಿಚ್ 0.5 ಮಿ.ಮೀ., ಹಾಗಾಗಿ ಮೊದಲ ಪ್ಯಾಡಿನ ಮಧ್ಯದಿಂದ ಎಂಟನೆಯದರ ಮಧ್ಯಕ್ಕೆ 3500 ಮೈಕ್ರಾನ್. ಹೊರ ಅಂಚಿನ ಗೆರೆಯನ್ನು ಕೈಯಲ್ಲಿ ಅಂದಾಜಿಗೆ ಬರೆದಿರುವುದುಂಟು, ಪಿಚ್ ಸುಳ್ಳು ಹೇಳುವುದು ಕಡಿಮೆ.

ಮಿಲ್ ಫೈಲ್‌ನಲ್ಲಿ ಇನ್ನೊಂದು ತಲೆನೋವಿದೆ. 0.5 ಮಿ.ಮೀ. ಅಂದರೆ 19.685 ಮಿಲ್. ಪ್ಯಾಕೇಜ್ ಟೂಲ್ ದಶಮಾಂಶದ ಮುಂದೆ ಎರಡೇ ಅಂಕಿ ಬರೆದರೆ 19.69 ಆಗುತ್ತದೆ, ಮೈಕ್ರಾನ್‌ನಲ್ಲಿ 500.126. ಸ್ಕೈವಾಟರ್ 130ರ ಗ್ರಿಡ್ 0.005 ಮೈಕ್ರಾನ್, ಈ ಅಂಕಿ ಅದರ ಮೇಲೆ ಕೂರುವುದೇ ಇಲ್ಲ. ಪ್ಯಾಕೇಜ್ ತಾಮ್ರಕ್ಕೆ ಇಷ್ಟು ವ್ಯತ್ಯಾಸ ಲೆಕ್ಕಕ್ಕಿಲ್ಲ. ಆದರೆ ಅಲ್ಲಿಂದ ಬಂಪ್‌ನ (ಚಿಪ್ಪನ್ನು ಪ್ಯಾಕೇಜ್‌ಗೆ ಕೂಡಿಸುವ ಬೆಸುಗೆ ಗುಬ್ಬಿ) ಜಾಗ ತೆಗೆದುಕೊಂಡು ಚಿಪ್ ಮೇಲೆ ಪ್ಯಾಡ್ ಇಟ್ಟರೆ ಒಂದೊಂದಕ್ಕೂ ಆಫ್‌ಗ್ರಿಡ್ ತಪ್ಪು ಬರುತ್ತದೆ. ಫೈಲ್ ಕೇಳುವಾಗಲೇ ಮಿಲಿಮೀಟರ್‌ನಲ್ಲಿ, ದಶಮಾಂಶದ ಮುಂದೆ ಕನಿಷ್ಠ ನಾಲ್ಕು ಅಂಕಿ ಇರಲಿ ಅಂತ ಕೇಳಿ. ಬೆಂಗಳೂರಿನ ಪ್ಯಾಕೇಜ್ ಕಡೆಯವರಿಗೆ ಎರಡನೇ ಮೇಲ್ ಹಾಕಿ ದಿನಗಟ್ಟಲೆ ಕಾಯುವುದು ತಪ್ಪುತ್ತದೆ.

ಅದೇ ಟ್ಯಾಬ್‌ನಲ್ಲಿ ಪಾಲಿಲೈನ್ ಮೋಡ್ ಇದೆ. ಅಗಲ ಸೊನ್ನೆ ಇರುವ ಗೆರೆಗಳನ್ನು ಏನು ಮಾಡಬೇಕು ಅನ್ನುವ ಪ್ರಶ್ನೆ ಅದು: ಗೆರೆಯಾಗಿಯೇ ಬಿಡುವುದೋ, ಮುಚ್ಚಿದ ಗೆರೆಯನ್ನು ತುಂಬಿದ ಆಕಾರ ಮಾಡುವುದೋ, ಬಿಡಿ ಗೆರೆಗಳನ್ನೆಲ್ಲ ಜೋಡಿಸಿ ಆಕಾರ ಮಾಡುವುದೋ. ತಾಮ್ರಕ್ಕೆ ಮುಚ್ಚಿದ ಗೆರೆಯನ್ನು ತುಂಬುವ ಮೋಡ್ ಸರಿ. ಜೋಡಿಸುವ ಮೋಡ್ ಇಟ್ಟು ಬಾಂಡ್ ವೈರ್ (ಚಿಪ್‌ನಿಂದ ಪ್ಯಾಕೇಜ್‌ಗೆ ಎಳೆದ ಸಣ್ಣ ತಂತಿ) ಓದಿದರೆ ಒಂದರ ತುದಿ ಇನ್ನೊಂದಕ್ಕೆ ಹೆಣೆದುಕೊಂಡು ವಿಚಿತ್ರ ಆಕಾರಗಳು ಹುಟ್ಟುತ್ತವೆ. ಆಟೋಮ್ಯಾಟಿಕ್ ಇಟ್ಟರೆ ಫೈಲ್ ನೋಡಿ ತಾನೇ ನಿರ್ಧರಿಸುತ್ತದೆ, ಮೊದಲ ಓದಿಗೆ ಮಾತ್ರ ಪರವಾಗಿಲ್ಲ.

ಗ್ರೌಂಡ್ ಪ್ಲೇನ್‌ನ ತೂತುಗಳ ವಿಷಯದಲ್ಲಿ ಹುಷಾರು. ಪ್ಲೇನ್ ಒಂದು ದೊಡ್ಡ ಮುಚ್ಚಿದ ಗೆರೆ, ವಯಾ ಸುತ್ತಲಿನ ತೂತುಗಳು ಅದೇ ಲೇಯರ್‌ನಲ್ಲಿ ಸಣ್ಣ ಮುಚ್ಚಿದ ಗೆರೆಗಳು ಅಂತ ಬಂದರೆ, ಎರಡನ್ನೂ ತುಂಬಿ ಬಿಡುತ್ತದೆ. ತೂತು ಮುಚ್ಚಿಹೋಗಿ ಎಲ್ಲ ವಯಾಗಳೂ ಗ್ರೌಂಡ್‌ಗೆ ಶಾರ್ಟ್. ಪ್ಲೇನ್ ಅನ್ನು ಹ್ಯಾಚ್ (ತೂತು ಬಿಟ್ಟು ತುಂಬಿದ ಆಕಾರ) ಆಗಿ ಕೇಳಿ, ಇಲ್ಲವೇ ತೂತುಗಳನ್ನು ಬೇರೆ ಲೇಯರ್‌ನಲ್ಲಿ ಕೇಳಿ. ಬೇರೆ ಲೇಯರ್‌ನಲ್ಲಿ ಬಂದರೆ ಎಡಿಟ್ ಮೆನುವಿನ ಲೇಯರ್ ಕೆಳಗಿರುವ ಬೂಲಿಯನ್ ಆಪರೇಶನ್‌ನಲ್ಲಿ ಒಂದರಿಂದ ಇನ್ನೊಂದನ್ನು ಕಳೆದರಾಯಿತು. ಪ್ಲೇನ್ ನೆಗೆಟಿವ್ ಆಗಿ ಬಂದಿದ್ದರೂ, ಅಂದರೆ ಬರೆದದ್ದೆಲ್ಲ ಖಾಲಿ ಜಾಗ ಆಗಿದ್ದರೂ, ಇದೇ ಉಪಾಯ: ಹೊರ ಅಂಚಿನಿಂದ ಅದನ್ನು ಕಳೆಯಿರಿ. ಸೋಲ್ಡರ್ ಮಾಸ್ಕ್ ಲೇಯರ್‌ನಲ್ಲಿ ಸಾಮಾನ್ಯವಾಗಿ ಬರೆದಿರುವುದು ಮಾಸ್ಕ್ ಅಲ್ಲ, ಮಾಸ್ಕ್ ಇಲ್ಲದ ಕಿಟಕಿ. ಸ್ಕೈವಾಟರ್‌ನ ಪ್ಯಾಡ್ ಲೇಯರ್ 76/20 ಕೂಡ ಕಿಟಕಿಯೇ. ಎರಡೂ ಒಂದೇ ಅರ್ಥದವು, ತಿರುಗಿಸುವ ಕೆಲಸ ಇಲ್ಲ.

ವೃತ್ತಗಳು ಡಿಎಕ್ಸ್‌ಎಫ್‌ನಲ್ಲಿ ನಿಜವಾದ ವೃತ್ತ, ಜಿಡಿಎಸ್‌ನಲ್ಲಿ ಬಹುಭುಜ. ಕೆಲೇಔಟ್ ಡಿಫಾಲ್ಟ್ ಆಗಿ 100 ಬಿಂದು ಹಾಕುತ್ತದೆ. 400 ಮೈಕ್ರಾನ್ ವ್ಯಾಸದ ಬಾಲ್ ಪ್ಯಾಡ್‌ಗೆ 100 ಬಿಂದುವಿನಲ್ಲಿ ವೃತ್ತಕ್ಕೂ ಭುಜಕ್ಕೂ ಅಂತರ ಸುಮಾರು 0.1 ಮೈಕ್ರಾನ್, 32 ಬಿಂದುವಿಗೆ ಇಳಿಸಿದರೆ ಸುಮಾರು 1 ಮೈಕ್ರಾನ್. ನೋಡುವುದಕ್ಕಷ್ಟೇ ಆದರೆ 32 ಧಾರಾಳ ಸಾಕು. ಅಕ್ಷರಗಳನ್ನು ಆಕಾರವಾಗಿ ಮಾಡುವ ಆಯ್ಕೆ ಮುಟ್ಟಬೇಡಿ. ನೆಟ್ (ಒಂದು ವಿದ್ಯುತ್ ಸಂಪರ್ಕ) ಹೆಸರು ತಾಮ್ರವಾಗಿ ಪಕ್ಕದ ಗೆರೆಗೆ ಅಂಟಿಕೊಳ್ಳುತ್ತದೆ.

ಡಿಎಕ್ಸ್‌ಎಫ್ ಬದಲು ಗರ್ಬರ್ (ಪಿಸಿಬಿ ತಯಾರಿಕೆಯ ಫೈಲ್ ರೂಪ) ಕೊಟ್ಟರೆ ದಾರಿ ಬೇರೆ. ಫೈಲ್ ಮೆನುವಿನ ಇಂಪೋರ್ಟ್ ಕೆಳಗೆ ಗರ್ಬರ್ ಪಿಸಿಬಿ ಅಂತಿದೆ. ಗರ್ಬರ್‌ನಲ್ಲಿ ಒಂದು ಪದರಕ್ಕೆ ಒಂದು ಫೈಲ್, ಹಾಗಾಗಿ ಇಲ್ಲಿ ಮ್ಯಾಪ್ ಅಂದರೆ ಯಾವ ಫೈಲ್ ಯಾವ ನಂಬರ್‌ಗೆ ಅನ್ನುವುದು. ಲೋಹ ಮತ್ತು ವಯಾಗಳ ಸಾಲು ಕೊಟ್ಟು ಸ್ಟ್ಯಾಕ್ ಹೇಳುವ ದಾರಿಯೊಂದು, ನಿಮ್ಮಿಷ್ಟದಂತೆ ಮ್ಯಾಪ್ ಮಾಡುವ ದಾರಿ ಇನ್ನೊಂದು. ಎರಡನೆಯದನ್ನೇ ಹಿಡಿಯಿರಿ. ತಾಮ್ರದ ಗರ್ಬರ್‌ನಲ್ಲಿ ಗೆರೆ, ಪಿನ್, ವಯಾ ಪ್ಯಾಡು ಎಲ್ಲ ಒಂದೇ ಫೈಲ್‌ನಲ್ಲಿ ಕೂಡಿಯೇ ಬರುವುದರಿಂದ ಕ್ಲಾಸ್‌ಗಳ ರಗಳೆ ಇಲ್ಲ. ರಗಳೆ ಇರುವುದು ಡ್ರಿಲ್ ಫೈಲ್‌ನಲ್ಲಿ. ಅದರ ಎಕ್ಸೆಲಾನ್ ರೂಪದಲ್ಲಿ ದಶಮಾಂಶದ ಚುಕ್ಕಿಯನ್ನು ಬರೆಯದೆ ಮುಂದಿನ ಅಥವಾ ಹಿಂದಿನ ಸೊನ್ನೆಗಳನ್ನು ಬಿಡುವ ಪದ್ಧತಿ ಇದೆ. ಹೆಡರ್ ಸರಿ ಇಲ್ಲದಿದ್ದರೆ ತೂತುಗಳೆಲ್ಲ 10 ಪಟ್ಟು ದೂರ ಚದುರುತ್ತವೆ, ಇಲ್ಲವೇ ಮಧ್ಯದಲ್ಲಿ ಗುಂಪಾಗಿ ಬೀಳುತ್ತವೆ. ತಾಮ್ರ ಸರಿಯಾಗಿ ಕೂತು ತೂತು ಮಾತ್ರ ಅಡ್ಡಾದಿಡ್ಡಿಯಾದರೆ ಅಲ್ಲೇ ನೋಡಿ.

ಚಿಪ್ ಜೊತೆ ಕೂಡಿಸುವಾಗ ಪ್ಯಾಕೇಜ್ ಬೇರೆ ಸೆಲ್ (ಲೇಔಟ್‌ನ ಒಂದು ಸ್ವತಂತ್ರ ಭಾಗ) ಆಗಿಯೇ ಇರಲಿ. ಇಂಪೋರ್ಟ್ ಮೆನುವಿನಲ್ಲಿ ಬೇರೆ ಫೈಲನ್ನು ಈಗಿನದಕ್ಕೆ ತರುವ ಆಯ್ಕೆಯಲ್ಲಿ ಸುಮ್ಮನೆ ಬೆರೆಸುವುದು, ಇನ್‌ಸ್ಟನ್ಸ್ ಆಗಿ ಇಡುವುದು ಹೀಗೆ ಕೆಲವು ರೀತಿಗಳಿವೆ, ಇನ್‌ಸ್ಟನ್ಸ್ ಆರಿಸಿ. ಚಿಪ್‌ನ ಮೂಲಬಿಂದು ಸಾಮಾನ್ಯವಾಗಿ ಎಡ ಕೆಳಮೂಲೆ, ಪ್ಯಾಕೇಜ್‌ನದು ನಟ್ಟನಡು. 3000 ಮೈಕ್ರಾನ್ ಚೌಕದ ಡೈ (ಪ್ಯಾಕೇಜ್ ಇಲ್ಲದ ಬರೀ ಚಿಪ್) ಆದರೆ ಪ್ಯಾಕೇಜ್ ಸೆಲ್ಲನ್ನು 1500, 1500ಕ್ಕೆ ಸರಿಸಬೇಕು. ಪ್ಯಾಕೇಜ್ ಡ್ರಾಯಿಂಗ್‌ನ ಡೈ ಔಟ್‌ಲೈನ್ ಕತ್ತರಿಸಿದ ಮೇಲಿನ ಅಳತೆಯೋ ಸೀಲ್ ರಿಂಗ್‌ವರೆಗಿನದೋ (ಚಿಪ್ ಸುತ್ತಲಿನ ರಕ್ಷಣೆಯ ಬಳೆ) ಕೇಳಿಕೊಳ್ಳಿ. ಎರಡೂ ಕಡೆ ಒಂದೇ ಅಲ್ಲದಿದ್ದರೆ ಮೂಲೆ ಕೂಡಿಸಬೇಡಿ, ಮಧ್ಯಕ್ಕೆ ಮಧ್ಯ ಕೂಡಿಸಿ.

ಫ್ಲಿಪ್ ಚಿಪ್ ಆದರೆ ಡೈ ಮುಖ ಕೆಳಗೆ. ಜಿಡಿಎಸ್‌ನಲ್ಲಿ ನೀವು ನೋಡುವುದು ಡೈನ ಮುಖ, ಪ್ಯಾಕೇಜ್‌ನವರು ನೋಡುವುದು ಡೈನ ಬೆನ್ನಿನ ಮೇಲಿಂದ. ಹಾಗಾಗಿ ಒಂದನ್ನು ಕನ್ನಡಿ ಮಾಡಲೇಬೇಕು. ಇನ್‌ಸ್ಟನ್ಸ್ ಆರಿಸಿ ಕ್ಯೂ ಒತ್ತಿದರೆ ಪ್ರಾಪರ್ಟೀಸ್ ಬರುತ್ತದೆ, ಅಲ್ಲಿ ಮಿರರ್ ಟಿಕ್ ಇದೆ. ಆದರೆ ಅದು ತಲೆಕೆಳಗು ಮಾಡುತ್ತದೆ, ಎಡಬಲ ಅಲ್ಲ. ಎಡಬಲ ಬೇಕಾದರೆ ಟಿಕ್ ಹಾಕಿ ಕೋನ 180 ಕೊಡಿ. ವೈರ್ ಬಾಂಡ್‌ಗೆ ಡೈ ಮುಖ ಮೇಲೆ, ಕನ್ನಡಿ ಬೇಡ. ಸುತ್ತ ಸಮನಾಗಿ ಪ್ಯಾಡ್ ಇರುವ ಪ್ಯಾಕೇಜ್‌ನಲ್ಲಿ ಕನ್ನಡಿ ತಪ್ಪಿದರೂ ಪ್ಯಾಡಿಗೆ ಪ್ಯಾಡು ಕೂತೇ ಕೂರುತ್ತದೆ, ಕಣ್ಣಿಗೆ ಗೊತ್ತಾಗುವುದಿಲ್ಲ. 32 ಪಿನ್ ಕ್ಯೂಎಫ್‌ಎನ್‌ನಲ್ಲಿ ಮೇಲಿಂದ ನೋಡಿದರೆ 1ನೇ ಪಿನ್ ಎಡಬದಿಯ ಮೇಲ್ತುದಿಯಲ್ಲಿ, 24ನೆಯದು ಬಲಬದಿಯ ಮೇಲ್ತುದಿಯಲ್ಲಿ. 24 ಇರಬೇಕಾದ ಕಡೆ 1 ಅಂತ ಬರೆದಿದ್ದರೆ ಕನ್ನಡಿ ಆಗಿದೆ, ಅಥವಾ ನಿಮಗೆ ಕೊಟ್ಟದ್ದು ಕೆಳಗಿನಿಂದ ನೋಡಿದ ಡ್ರಾಯಿಂಗ್.

ಮ್ಯಾಪ್ ಸರಿಯಾಗಿದೆಯೇ ಅಂತ ತಿಳಿಯಲು ಕೆಲೇಔಟ್‌ನ ನೆಟ್ ಟ್ರೇಸ್‌ಗಿಂತ ಒಳ್ಳೆಯ ಪರೀಕ್ಷೆ ಇಲ್ಲ, ಇದಕ್ಕೆ ಪೂರ್ತಿ ಅಂಕ. ಟೂಲ್ಸ್ ಮೆನುವಿನ ಮ್ಯಾನೇಜ್ ಟೆಕ್ನಾಲಜೀಸ್‌ನಲ್ಲಿ ಹೊಸ ಟೆಕ್ನಾಲಜಿ ಮಾಡಿ, ಕನೆಕ್ಟಿವಿಟಿಯಲ್ಲಿ ಮೇಲಿನ ತಾಮ್ರ ಅಂದರೆ 1001/0+1001/1+1001/2 ಅಂತ ಒಂದು ಹೆಸರು ಕೊಡಿ, ಕೆಳಗಿನದಕ್ಕೂ ಹಾಗೇ. ನಡುವೆ 1002/0 ವಯಾ. ಚಿಪ್ ಕಡೆ ಮೆಟ್5 ಅಂದರೆ 72/20, ಅದರಿಂದ 76/20 ಕಿಟಕಿಯ ಮೂಲಕ ಮೇಲಿನ ತಾಮ್ರಕ್ಕೆ. ಈಗ ಚಿಪ್ ಮೇಲಿನ ಒಂದು ಪ್ಯಾಡ್ ಒತ್ತಿದರೆ ಫ್ಲಿಪ್ ಚಿಪ್‌ನಲ್ಲಿ ಬಾಲ್‌ವರೆಗೂ ದಾರಿ ಬೆಳಗುತ್ತದೆ. ಎಲ್ಲಿ ನಿಂತಿತೋ ಆ ಲೇಯರ್‌ನ ಮ್ಯಾಪ್ ನೋಡಿ. ಎಲ್ಲ ನೆಟ್‌ಗಳೂ ಒಟ್ಟಿಗೆ ಬೆಳಗಿದರೆ ಪ್ಲೇನ್‌ನ ತೂತು ಮುಚ್ಚಿಹೋಗಿದೆ. ವೈರ್ ಬಾಂಡ್‌ನಲ್ಲಿ ಈ ಆಟ ಅರ್ಧಕ್ಕೆ ನಿಲ್ಲುತ್ತದೆ: ಅಗಲ ಸೊನ್ನೆಯ ವೈರ್ ಕರೆಂಟು ಹರಿಸುವುದಿಲ್ಲ, 25 ಮೈಕ್ರಾನ್ ಅಗಲ ಕೊಟ್ಟರೆ ಒಂದರ ಮೇಲೊಂದು ಹಾದುಹೋಗುವ ವೈರ್‌ಗಳು ಶಾರ್ಟ್ ಅಂತ ತೋರಿಸುತ್ತವೆ. ಮೇಲಿಂದ ನೋಡುವ ಚಿತ್ರಕ್ಕೆ ಎತ್ತರ ಗೊತ್ತಿಲ್ಲವಲ್ಲ.

ಮ್ಯಾಪ್, ಯೂನಿಟ್, ಕನೆಕ್ಟಿವಿಟಿ ಎಲ್ಲವನ್ನೂ ಆ ಟೆಕ್ನಾಲಜಿಯ ಒಳಗೇ ಉಳಿಸಿ. ಒಂದೇ ಕಂಪ್ಯೂಟರ್ ನಾಲ್ಕು ಜನ ಬಳಸುವ ಲ್ಯಾಬ್‌ನಲ್ಲಿ ಹಿಂದಿನವರ 25.4 ಯೂನಿಟ್‌ನಲ್ಲಿ ನಿಮ್ಮ ಮಿಲಿಮೀಟರ್ ಫೈಲ್ ತೆರೆದುಕೊಳ್ಳುವುದು ತಪ್ಪುತ್ತದೆ.

ಆಗದ ಕೆಲಸಗಳನ್ನೂ ಹೇಳಬೇಕು. ಅಲೆಗ್ರೋದ ಎಂಸಿಎಂ, ಎಸ್‌ಐಪಿ ಫೈಲ್‌ಗಳನ್ನು ನೇರ ಓದುವುದಿಲ್ಲ, ಒಡಿಬಿ++ ಕೂಡ ಇಲ್ಲ. ಡಿಎಕ್ಸ್‌ಎಫ್‌ನಲ್ಲಿ ನೆಟ್‌ಲಿಸ್ಟ್ ಬರುವುದಿಲ್ಲ, ಬರುವುದು ಚಿತ್ರ ಮತ್ತು ಅಕ್ಷರ. ಆಯ್ಕೆ ನಿಮ್ಮದಾದರೆ ಪ್ಯಾಕೇಜ್ ಟೂಲ್‌ನಿಂದಲೇ ಜಿಡಿಎಸ್ ಸ್ಟ್ರೀಮ್ ಕೇಳಿ, ಅವರ ಕನ್ವರ್ಶನ್ ಫೈಲ್‌ನಲ್ಲಿ ನಿಮ್ಮ 1001, 1002 ನಂಬರ್‌ಗಳನ್ನೇ ತುಂಬಲು ಹೇಳಿ. ಯೂನಿಟ್, ಪಾಲಿಲೈನ್, ಹೆಸರು ಮೂರರ ಕಾಟವೂ ಒಂದೇ ಏಟಿಗೆ ಹೋಗುತ್ತದೆ.

ಕೊನೆಗೆ ಸೇವ್ ಮಾಡುವಾಗ ಲೇಯರ್ ಪ್ಯಾನಲ್‌ನಲ್ಲಿ ನಂಬರ್ ಇಲ್ಲದೆ ಹೆಸರು ಮಾತ್ರ ಇರುವ ಲೇಯರ್ ಉಳಿದಿದೆಯೇ ನೋಡಿ. ಇದ್ದರೆ ಎಡಿಟ್ ಲೇಯರ್ ಸ್ಪೆಸಿಫಿಕೇಶನ್‌ನಲ್ಲಿ ನೀವೇ ನಂಬರ್ ಕೊಡಿ, ಸಾಫ್ಟ್‌ವೇರ್‌ಗೆ ಬಿಡಬೇಡಿ. ಜಿಡಿಎಸ್‌ನಲ್ಲಿ ಒಂದು ಆಕಾರಕ್ಕೆ ಬಿಂದುಗಳ ಮಿತಿ ಇದೆ, ಕೆಲೇಔಟ್ 8000 ಅಂತ ಇಟ್ಟುಕೊಂಡಿದೆ. ತುಂಬಾ ತೂತುಗಳಿರುವ ದೊಡ್ಡ ಪ್ಲೇನ್ ತುಂಡುತುಂಡಾಗಿ ಬಂದರೆ ಗಾಬರಿ ಬೇಡ, ತುಂಡುಗಳು ಒಂದಕ್ಕೊಂದು ಅಂಟಿಕೊಂಡೇ ಇರುತ್ತವೆ. ಸೇವ್ ಆದ ಫೈಲನ್ನು ಮ್ಯಾಪ್ ಇಲ್ಲದ ಖಾಲಿ ಟೆಕ್ನಾಲಜಿಯಲ್ಲಿ ಇನ್ನೊಮ್ಮೆ ತೆರೆದು, ಪ್ಯಾನಲ್‌ನ ನಂಬರ್‌ಗಳನ್ನು ನೀವು ಬರೆದಿಟ್ಟ ಮ್ಯಾಪ್‌ನ ಬಲಗಡೆಯ ಸಾಲುಗಳ ಜೊತೆ ತಾಳೆ ನೋಡಿ, ಆಮೇಲೆ ಕಳಿಸಿ.